ಕಾಂಡೋ ಭಾವ

ಬಾಡಿಗೆ ಕಾಂಡೋದ ಫೋಟೋಗಳನ್ನು ನೋಡುವ ಜನ ಮೊದಲ ಚಿತ್ರದಲ್ಲೇ ನಿಂತುಬಿಡುತ್ತಾರೆ. ಅಲ್ಲಿ ಸಮುದ್ರ ಇರುತ್ತದೆ, ತೆಂಗಿನಮರ ಇರುತ್ತದೆ, ಎರಡು ಖಾಲಿ ಕುರ್ಚಿ ಇರುತ್ತವೆ. ಕಾಂಡೋ ಭಾವ ಅವನ್ನೆಲ್ಲ ಬೆರಳಲ್ಲಿ ಸರಸರ ತಳ್ಳುತ್ತಾರೆ. ಕೊನೆಯಲ್ಲೆಲ್ಲೋ ಅವಿತಿರುವ ಅಡುಗೆಮನೆಯ ಚಿತ್ರ ಸಿಕ್ಕಿದ ಮೇಲೆ ಅದನ್ನು ಹಿಗ್ಗಿಸಿ, ಕನ್ನಡಕ ಹಣೆಗೇರಿಸಿ, ಒಲೆಯ ಬರ್ನರುಗಳನ್ನು ಎಣಿಸುತ್ತಾರೆ. ನಾಲ್ಕಿದ್ದರೆ ಮುಂದಿನ ಮಾತು. ಎರಡೇ ಇದ್ದರೆ ಆ ದ್ವೀಪವೇ ಬೇಡ.

ಇಂಥವರು ಒಬ್ಬರೇ ಅಲ್ಲ. ಕ್ಯಾಲಿಫೋರ್ನಿಯಾದಲ್ಲಿ ಕನ್ನಡಿಗರು ಸೇರಿದ ಯಾವುದೇ ಯುಗಾದಿ ಊಟದ ಸಾಲಿನಲ್ಲಿ ನಿಂತು "ಈ ಸಲ ಹವಾಯಿಗೆ ಹೋಗೋಣ ಅಂತಿದೀವಿ" ಎಂದು ಸ್ವಲ್ಪ ಜೋರಾಗಿ ಹೇಳಿ ನೋಡಿ. ಹೋಳಿಗೆಯ ಕಡೆ ಹೊರಟಿದ್ದ ಒಂದು ತಟ್ಟೆ ನಿಮ್ಮ ಕಡೆ ತಿರುಗುತ್ತದೆ. "ಹೋಟೆಲ್ ಗೀಟೆಲ್ ಮಾಡ್ಬೇಡಿ ಸಾರ್. ಕಾಂಡೋ ತಗೊಳ್ಳಿ. ಫುಲ್ ಕಿಚನ್ ಇರತ್ತೆ." ಆಮೇಲೆ ಯಾವ ದ್ವೀಪದಲ್ಲಿ ಕಾಸ್ಟ್‌ಕೋ ಅಂಗಡಿ ವಿಮಾನ ನಿಲ್ದಾಣಕ್ಕೆ ಎಷ್ಟು ಹತ್ತಿರ, ಬಾಡಿಗೆ ಕಾರಿನ ಡಿಕ್ಕಿಯಲ್ಲಿ ಅಕ್ಕಿಮೂಟೆ ಎಲ್ಲಿ ಕೂರುತ್ತದೆ, ಇವೆಲ್ಲ ನಿಮಗೆ ತಿಳಿಯುತ್ತವೆ. ಸಮುದ್ರದ ಬಗ್ಗೆ ಕೇಳಿದರೆ "ಅದೂ ಇದೆ" ಅನ್ನುತ್ತಾರೆ.

ನಮ್ಮ ಮನೆಯ ಮಟ್ಟಿಗೆ ಈ ಪಾತ್ರ ನನ್ನ ಅಕ್ಕನ ಗಂಡನದು. ಹೆಸರು ನೆಂಟರು ಇಟ್ಟಿದ್ದು, ಅವರಿಗೂ ಬೇಸರವಿಲ್ಲ. ಈ ಒಲೆಯ ಹುಡುಕಾಟ ಅಮೆರಿಕದಲ್ಲಿ ಅಂಟಿದ ಚಟವೂ ಅಲ್ಲ. ಭಾವನ ಮೂಲ ಕೊಪ್ಪದ ಕಡೆ. ಅವರ ತಂದೆ ತಿರುಪತಿಗೆ ಹೊರಟರೂ ಟ್ರಂಕಿನಲ್ಲಿ ಪಂಪ್ ಸ್ಟವ್, ಅದಕ್ಕೊಂದು ಪಿನ್ನು, ಸೀಮೆಎಣ್ಣೆಯ ಡಬ್ಬ, ಮೂರು ಸೇರು ಅಕ್ಕಿ ಇಟ್ಟುಕೊಂಡೇ ಹೊರಡುತ್ತಿದ್ದರಂತೆ. ಛತ್ರದಲ್ಲಿ ರೂಮು ಸಿಕ್ಕ ಕೂಡಲೇ ದೇವರ ದರ್ಶನಕ್ಕಿಂತ ಮೊದಲು ಆಗುತ್ತಿದ್ದುದು ಸ್ಟವ್ ಹೊತ್ತಿಸುವ ಕಾರ್ಯಕ್ರಮ. ಕಾಶಿಯಾತ್ರೆಯ ಬಸ್ಸಿನಲ್ಲಿ ಅಡುಗೆಯವರೂ ಕೊಳದಪ್ಪಲೆಗಳೂ ಪ್ರಯಾಣಿಕರ ಜೊತೆಗೇ ಹೋಗುತ್ತಿದ್ದ ಕಾಲ ಅದು. ಹರಿದ್ವಾರದಲ್ಲಿ ಗಂಗೆಗೆ ಬೆನ್ನು ಹಾಕಿ, ಬಸ್ಸಿನ ನೆರಳಲ್ಲಿ ಕೂತು ಚಿತ್ರಾನ್ನ ಉಂಡವರ ಸಂತತಿ ಈಗ ಪೆಸಿಫಿಕ್ ಸಾಗರದ ನಡುವೆ ಜಾಗ ಹುಡುಕುತ್ತಿದೆ. ಭಾವ ಆ ಪರಂಪರೆಗೆ ಒಂದು ಡಿಶ್‌ವಾಷರ್ ಸೇರಿಸಿದ್ದಾರೆ, ಅಷ್ಟೆ.

ಈ ಸಲ ಆರಿಸಿದ್ದು ಹವಾಯಿಯ ಕವಾಯಿ ದ್ವೀಪ. ದಕ್ಷಿಣ ದಂಡೆಯ ಪೊಯ್‌ಪು ಊರಲ್ಲಿ ಎರಡು ಬೆಡ್‌ರೂಮಿನ ಕಾಂಡೋ. ಆರು ಜನ ಮಲಗಬಹುದು ಎಂದು ಬರೆದಿತ್ತು. ಆ ಲೆಕ್ಕದಲ್ಲಿ ಐದನೆಯವನೂ ಆರನೆಯವನೂ ಹಾಲಿನ ಸೋಫಾವನ್ನು ಬಿಚ್ಚಿ ಮಲಗುವವರು. ಬೆಂಗಳೂರಿನಿಂದ ಬಂದಿದ್ದ ನಾನು ಮತ್ತು ಅಕ್ಕನ ಮಗ ಆ ಎರಡು ಅಂಕಿಗಳಾದೆವು. ಸೋಫಾದ ನಡುವೆ ಒಂದು ಕಬ್ಬಿಣದ ಪಟ್ಟಿ ಇರುತ್ತದೆ. ಅದು ಬೆನ್ನಿನ ಯಾವ ಜಾಗಕ್ಕೆ ಬರಬೇಕು ಎಂಬುದನ್ನು ಮಲಗುವವನು ತೀರ್ಮಾನಿಸುವಂತಿಲ್ಲ. "ಹೋಟೆಲಾಗಿದ್ರೆ ಮೂರು ರೂಮು ಕಣಯ್ಯ, ಮೂರು!" ಎಂದು ಭಾವ ನನ್ನ ಸೊಂಟಕ್ಕೆ ಸಮಾಧಾನ ಹೇಳಿದರು.

ಲೆಕ್ಕದಲ್ಲಿ ಭಾವ ತಪ್ಪುವುದಿಲ್ಲ. ಅದೇ ಅವರೊಡನೆ ವಾದಿಸುವವರ ಕಷ್ಟ. ಹವಾಯಿಯಲ್ಲಿ ತಿನ್ನುವ ಪದಾರ್ಥದಲ್ಲಿ ಶೇಕಡಾ 85ರಿಂದ 90ರಷ್ಟು ಹೊರಗಿನಿಂದ ಹಡಗು ಹತ್ತಿ ಬರಬೇಕು. ಹಾಲು, ಮೊಸರು, ಈರುಳ್ಳಿ ಎಲ್ಲದರ ಬೆಲೆಯಲ್ಲೂ ಸಾವಿರಾರು ಮೈಲಿ ನೀರಿನ ಬಾಡಿಗೆ ಇದೆ. ಆರು ಸಸ್ಯಾಹಾರಿಗಳು ಸಮುದ್ರದಂಡೆಯ ಹೋಟೆಲಿನಲ್ಲಿ ಕೂತು, ಮೀನಿಲ್ಲದ ಮೀನೂಟಕ್ಕೆ ಮೀನಿನ ಬೆಲೆ ಕೊಟ್ಟು ಏಳುವುದಕ್ಕಿಂತ ಮನೆಯಲ್ಲಿ ಬೇಯಿಸಿಕೊಳ್ಳುವುದೇ ಬುದ್ಧಿವಂತಿಕೆ. ಇದನ್ನು ನಾನೂ ಒಪ್ಪುತ್ತೇನೆ. ಆದರೆ ಭಾವ ಬುದ್ಧಿವಂತಿಕೆಯಲ್ಲಿ ನಿಲ್ಲುವವರಲ್ಲ. ಅವರದೊಂದು ಎಕ್ಸೆಲ್ ಹಾಳೆ ಇದೆ. ಎಡಗಡೆ "ಹೊರಗೆ ತಿಂದಿದ್ದರೆ", ನಡುವೆ "ಒಳಗೆ ತಿಂದದ್ದಕ್ಕೆ", ಬಲಗಡೆ ಹಸಿರು ಬಣ್ಣದಲ್ಲಿ "ಉಳಿತಾಯ". ಪ್ರತಿ ಊಟವಾದ ಮೇಲೆ ಕೈತೊಳೆದು ಅದನ್ನು ತುಂಬುತ್ತಾರೆ. ಉಳಿದದ್ದು ಅವರ ಪಾಲಿಗೆ ಗಳಿಸಿದ್ದು. "ಈ ಉಪ್ಪಿಟ್ಟಿಂದ ನಮಗೆ 80 ಡಾಲರ್ ಬಂತು" ಎಂದು ಲಾನೈಯಲ್ಲಿ, ಅಂದರೆ ಹವಾಯಿಯ ಜಗಲಿಯಲ್ಲಿ, ಕಾಲು ಚಾಚಿ ಕೂರುತ್ತಾರೆ. ಉಪ್ಪಿಟ್ಟು ಮಾಡಿದ ಅಕ್ಕನ ಕೂಲಿಗೆ ಆ ಹಾಳೆಯಲ್ಲಿ ಕಾಲಂ ಇಲ್ಲ.

ಸಾಮಾನು ಕಟ್ಟುವುದು ವಾರ ಮೊದಲೇ ಶುರು. ಕುಕ್ಕರಿನ ಒಳಗೆ ಒಗ್ಗರಣೆ ಡಬ್ಬಿ, ಡಬ್ಬಿಯ ಸುತ್ತ ಕಾಲುಚೀಲಗಳು, ಅದರ ಮೇಲೆ ಗ್ಯಾಸ್ಕೆಟ್ಟು, ಒಂದು ಹೆಚ್ಚುವರಿ ಗ್ಯಾಸ್ಕೆಟ್ಟು, ವೆಯ್ಟು ಮಾತ್ರ ಭಾವನ ಪ್ಯಾಂಟಿನ ಜೇಬಿನಲ್ಲಿ. ಅಮೆರಿಕದ ವಿಮಾನಗಳಲ್ಲಿ ಕೈಚೀಲದ ಪುಡಿ 12 ಔನ್ಸ್ ದಾಟಿದರೆ ಬಿಚ್ಚಿ ನೋಡುವ ನಿಯಮ 2018ರಿಂದ ಇದೆ. ಭಾವ ಸಾರಿನಪುಡಿ, ಹುಳಿಪುಡಿ, ಚಟ್ನಿಪುಡಿಗಳನ್ನು ಚಿಕ್ಕ ಚಿಕ್ಕ ಪೊಟ್ಟಣ ಮಾಡಿ ಮನೆಮಂದಿಗೆಲ್ಲ ಹಂಚಿದರು. ಎಂಟು ವರ್ಷದ ಮಗಳ ಗುಲಾಬಿ ಬಣ್ಣದ ಚೀಲದಲ್ಲಿ ಗೊಂಬೆಯ ಪಕ್ಕ ಇಂಗು. ಆ ಮಗು ಹತ್ತಿದ ಕೂಡಲೇ ಅಕ್ಕಪಕ್ಕದ ಮೂರು ಸಾಲಿನವರು ತಲೆಯ ಮೇಲಿನ ಗಾಳಿಯ ತಿರುಪನ್ನು ಪೂರ್ತಿ ತೆರೆದುಕೊಂಡರು.

ಹವಾಯಿಗೆ ಇಳಿಯುವ ಮೊದಲು ಒಂದು ಫಾರಂ ತುಂಬಬೇಕು. ಹಣ್ಣು, ತರಕಾರಿ, ಗಿಡ, ಬೀಜ, ಪ್ರಾಣಿ ಏನಾದರೂ ತಂದಿದ್ದೀರಾ ಎಂದು ಆ ರಾಜ್ಯದ ಕೃಷಿ ಇಲಾಖೆ ಕೇಳುತ್ತದೆ. ದ್ವೀಪದ ಬೆಳೆಗೆ ಹೊರಗಿನ ಹುಳ ಹತ್ತಬಾರದು ಅಂತ. ಬೇರೆಯವರಿಗೆ ಅರ್ಧ ನಿಮಿಷದ ಕೆಲಸ. ಭಾವ ಬೀಜ ಎಂಬ ಮಾತಿನ ಮುಂದೆ ಪೆನ್ನು ಹಿಡಿದು ಕೂತುಬಿಟ್ಟರು. ಸಾಸಿವೆ ಬೀಜ. ಮೆಂತ್ಯ ಬೀಜ. ಜೀರಿಗೆ, ಕೊತ್ತಂಬರಿ, ಗಸಗಸೆ ಎಲ್ಲ ಬೀಜವೇ. "ರೀ, ಬಿತ್ತೋ ಬೀಜ ಕೇಳ್ತಿರೋದು, ಸಿಡಿಸೋ ಬೀಜ ಅಲ್ಲ" ಎಂದು ಅಕ್ಕ ಕಣ್ಣು ಮುಚ್ಚಿಕೊಂಡೇ ಹೇಳಿದಳು. ಭಾವ ಸತ್ಯಸಂಧರು. ಎಲ್ಲವನ್ನೂ ಘೋಷಿಸಿದರು. ಲಿಹೂಯಿ ನಿಲ್ದಾಣದಲ್ಲಿ ಇನ್‌ಸ್ಪೆಕ್ಟರ್ ಒಗ್ಗರಣೆ ಡಬ್ಬಿಯ ಏಳು ಬಟ್ಟಲುಗಳ ಮೇಲೆ ಒಂದು ಸಲ ಬಗ್ಗಿ, ಒಂದು ಸೀನು ಸೀನಿ, ಹೋಗಿ ಅಂದರು.

ಕಾಸ್ಟ್‌ಕೋದಲ್ಲಿ ಏನಾಯಿತು ಎಂದು ವಿವರಿಸುವುದಿಲ್ಲ. ವಾರಕ್ಕೆ ಆರು ಜನಕ್ಕೆ ಎಂದು ಹತ್ತು ಪೌಂಡ್ ಈರುಳ್ಳಿ ಕೊಂಡರು ಎಂದರೆ ಸಾಕು. ಅಕ್ಕಿ ಮಾತ್ರ ಊರಿಂದಲೇ ಬಂದಿತ್ತು. ಹವಾಯಿಯವರು ಅನ್ನ ಉಣ್ಣುವ ಜನವೇ. ತಟ್ಟೆ ಊಟ ಅಂದರೆ ಎರಡು ಗುಂಡು ಅನ್ನ ಇರಲೇಬೇಕು. ಆದರೆ ಅದು ಜಪಾನೀಯರ ರುಚಿಗೆ ಒಗ್ಗಿದ ಅಂಟಂಟು ಅಕ್ಕಿ. "ಸಾರು ಇಳಿಯಲ್ಲ ಅದರೊಳಗೆ" ಎಂದು ಭಾವ ತೀರ್ಪು ಕೊಟ್ಟು ಸೋನಾ ಮಸೂರಿ ತಂದಿದ್ದರು.

ಕಾಂಡೋದ ಬಾಗಿಲು ತೆರೆದರೆ ಎದುರಿಗೇ ಸಮುದ್ರ. ಮಕ್ಕಳು ಲಾನೈಗೆ ಓಡಿದರು. ಭಾವ ಎಡಕ್ಕೆ ತಿರುಗಿದರು. ಮುಂದಿನ ಅರ್ಧ ಗಂಟೆ ಕಪಾಟುಗಳ ಪಂಚನಾಮೆ. ಹಿಂದಿನ ಬಾಡಿಗೆದಾರರು ಬಿಟ್ಟುಹೋದ ಉಪ್ಪು, ಅರ್ಧ ಶೀಷೆ ಆಲಿವ್ ಎಣ್ಣೆ, ಪ್ಯಾನ್‌ಕೇಕಿನ ಪಾಕ, ಯಾರೋ ತೆರೆಯದೇ ಬಿಟ್ಟ ಒಂದು ಪ್ಯಾಕೆಟ್ ಸಕ್ಕರೆ. ಸಕ್ಕರೆ ಸಿಕ್ಕಾಗ ಭಾವ ನನ್ನನ್ನು ಕೂಗಿ ಕರೆದರು. ಆಮೆ ಕಂಡಾಗಲೂ ಅವರು ಹಾಗೆ ಕೂಗಲಿಲ್ಲ. ಆಮೇಲೆ ಮಾಲೀಕರು ಗೋಡೆಗೆ ಅಂಟಿಸಿದ್ದ ಸೂಚನೆಗಳನ್ನು ಗಟ್ಟಿಯಾಗಿ ಓದಿದರು: ಕಾಲಿನ ಮರಳು ಹೊರಗೇ ತೊಳೆಯಿರಿ, ಸಿಂಕಿನ ಗಿರಣಿಗೆ ಅನ್ನ ಹಾಕಬೇಡಿ, ಹೋಗುವ ದಿನ ಹಾಸಿಗೆಯ ಬಟ್ಟೆ ಕಿತ್ತು ರಾಶಿ ಹಾಕಿ. "ಮನೇಲೂ ಇದೇ, ಇಲ್ಲೂ ಇದೇ" ಅಂದಳು ಅಕ್ಕ. ಭಾವ ಅದನ್ನು ಹೊಗಳಿಕೆ ಎಂದುಕೊಂಡರು.

ಮೊದಲ ರಾತ್ರಿ ಬೇಳೆಸಾರು. ಸಾರಿಗೆ ಒಗ್ಗರಣೆ ಬೇಕು, ಒಗ್ಗರಣೆಗೆ ಬ್ಯಾಡಗಿ ಮೆಣಸಿನಕಾಯಿ ಬೇಕು, ಮೆಣಸಿನಕಾಯಿಗೆ ಕರೆಂಟಿನ ಒಲೆಯ ಸ್ವಭಾವ ಗೊತ್ತಿರಲಿಲ್ಲ. ಚುಂಯ್ ಎಂದ ಐದೇ ಸೆಕೆಂಡಿಗೆ ಚಾವಣಿಯ ಸ್ಮೋಕ್ ಅಲಾರ್ಮ್ ಕಿರುಚತೊಡಗಿತು. ಭಾವ ಕುರ್ಚಿ ಹತ್ತಿ ಟವೆಲ್ಲಿನಿಂದ ಗಾಳಿ ಹಾಕಿದರು. ಹಾಲಿನದ್ದು ನಿಂತರೆ ಬೆಡ್‌ರೂಮಿನದ್ದು ಶುರುವಾಯಿತು. ಪಕ್ಕದ ಲಾನೈಯಲ್ಲಿ ವೈನ್ ಹಿಡಿದು ಸೂರ್ಯಾಸ್ತ ನೋಡುತ್ತಿದ್ದ ವೃದ್ಧ ದಂಪತಿ ಗ್ಲಾಸಿನೊಂದಿಗೆ ಒಳಗೆ ಹೋಗಿ ಗಾಜಿನ ಬಾಗಿಲು ಎಳೆದುಕೊಂಡರು. ಮ್ಯಾನೇಜರ್ ಬಂದು, ಬಾಗಿಲು ಕಿಟಕಿ ತೆರೆದಿಟ್ಟು ಅರ್ಧ ಗಂಟೆ ಹೊರಗಿರಿ ಅಂದರು. ಹೊರಗೆ ಅಂದರೆ ಹಸಿವು. ಹಸಿವು ಅಂದರೆ ಮಕ್ಕಳ ಗಲಾಟೆ. ಕೊನೆಗೆ ರಸ್ತೆಬದಿಯ ಒಂದು ಫುಡ್ ಟ್ರಕ್ಕಿನ ಮುಂದೆ ನಿಂತು, ಕಾಗದದ ತಟ್ಟೆಯಲ್ಲಿ ಬೀನ್ಸು ತುಂಬಿದ ರೊಟ್ಟಿ ತಿಂದು, ಮೇಲೊಂದು ಶೇವ್ ಐಸ್, ಅಂದರೆ ಬಣ್ಣದ ಪಾಕ ಸುರಿದ ಐಸ್ ಪುಡಿ, ತಿಂದೆವು. ಅಕ್ಕ ಮಾತೇ ಆಡಲಿಲ್ಲ. ನೀಲಿ ಬಣ್ಣ ತುಟಿಗೆಲ್ಲ ಹತ್ತಿಸಿಕೊಂಡು ನಿಧಾನವಾಗಿ, ಕೊನೆಯ ಹನಿಯವರೆಗೂ ತಿಂದಳು. ಆ ರಾತ್ರಿ ಎಕ್ಸೆಲ್ ಹಾಳೆಯ ಬಲಗಡೆಯ ಕಾಲಂ ಕೆಂಪಾಯಿತು.

ಕವಾಯಿಯಲ್ಲಿ ಬೆಳಿಗ್ಗೆ ಅಲಾರ್ಮ್ ಬೇಡ. ಊರ ತುಂಬ ಕೋಳಿ. ಪಾರ್ಕಿಂಗಿನಲ್ಲಿ, ಬೀಚಿನಲ್ಲಿ, ಪೆಟ್ರೋಲ್ ಬಂಕಿನಲ್ಲಿ, ಯಾರ ಮನೆಯವೂ ಅಲ್ಲದ ಹುಂಜಗಳು. ಪಾಲಿನೇಷ್ಯದ ಜನ ದೋಣಿಯಲ್ಲಿ ತಂದ ಕಾಡುಕೋಳಿಯ ಸಂತಾನಕ್ಕೆ ಸಾಕುಕೋಳಿಗಳು ಬೆರೆತವು. 1982ರಲ್ಲಿ ಇವಾ, 1992ರಲ್ಲಿ ಇನಿಕಿ ಚಂಡಮಾರುತ ಗೂಡುಗಳನ್ನು ಹಾರಿಸಿದ ಮೇಲೆ ಇವು ದ್ವೀಪದ ಒಡೆಯರಾದವು ಎಂದು ಅಲ್ಲಿಯವರು ಹೇಳುತ್ತಾರೆ. ಬೇರೆ ದ್ವೀಪಗಳಲ್ಲಿ ಹಾವಳಿ ಎಬ್ಬಿಸುವ ಮುಂಗುಸಿ ಇಲ್ಲಿ ನೆಲೆಯೂರಿಲ್ಲ, ಅದಕ್ಕೇ ಮೊಟ್ಟೆಗಳಿಗೆ ಭಯವಿಲ್ಲ. ನಮ್ಮ ಜೊತೆ ಬಂದಿದ್ದ ಭಾವನ ತಾಯಿಗೆ ಇದನ್ನು ವಿವರಿಸಿದೆ. ಅಜ್ಜಿ ಎಲ್ಲ ಕೇಳಿ, "ಮುಂಗುಸಿ ಇಲ್ಲದಿದ್ರೆ ಹಾವು ಹೆಚ್ಚಾಗಿರ್ಬೇಕಲ?" ಅಂದರು. ಹಾವೂ ಇಲ್ಲ ಅಜ್ಜಿ ಎಂದೆ. ಅಂದಿನಿಂದ ಅಜ್ಜಿ ಚಪ್ಪಲಿ ಬಿಟ್ಟು ಹುಲ್ಲಿನ ಮೇಲೆ ಓಡಾಡತೊಡಗಿದರು. ನಾಲ್ಕು ಗಂಟೆಗೆ ಹುಂಜ ಕೂಗಿದರೆ ಭಾವನಿಗೆ ಖುಷಿ, ದೋಸೆಹಿಟ್ಟು ಉಬ್ಬಿದೆಯೋ ನೋಡಬಹುದು. ಉಬ್ಬುತ್ತಿತ್ತು. ಆ ಸೆಖೆಗೆ ಹಿಟ್ಟು ಪಾತ್ರೆಯ ಮುಚ್ಚಳ ಎತ್ತಿಕೊಂಡು ಹೊರಗೆ ಬರುತ್ತಿತ್ತು.

ಪೊಯ್‌ಪು ಬೀಚಿನಲ್ಲಿ ಒಂದು ಮಾಂಕ್ ಸೀಲ್ ಮರಳಿನ ಮೇಲೆ ಮಲಗಿತ್ತು. ಈ ಜಾತಿಯ ಸೀಲ್ ಹವಾಯಿಯಲ್ಲಿ ಮಾತ್ರ ಇರುವುದು, ಎಲ್ಲ ಸೇರಿ ಸುಮಾರು 1,600 ಉಳಿದಿವೆ. ಸ್ವಯಂಸೇವಕರು ಅದರ ಸುತ್ತ ದೂರಕ್ಕೆ ಗೂಟ ನೆಟ್ಟು, ಹಗ್ಗ ಕಟ್ಟಿ, ಮಲಗಿದೆ ಎಬ್ಬಿಸಬೇಡಿ ಎಂದು ಬೋರ್ಡು ಇಟ್ಟಿದ್ದರು. ಒಬ್ಬಾಕೆ ಕಾವಲಿಗೆ ಕೂತು, ಹತ್ತಿರ ಹೋದವರಿಗೆಲ್ಲ ಮೆಲ್ಲಗೆ ಬುದ್ಧಿ ಹೇಳುತ್ತಿದ್ದಳು. ಸೀಲ್ ಒಮ್ಮೆ ಹೊರಳಿ, ಹೊಟ್ಟೆ ಮೇಲೆ ಮಾಡಿ, ಮತ್ತೆ ನಿದ್ದೆ ಹೋಯಿತು. ಅಕ್ಕ ಹಗ್ಗದ ಬಳಿ ನಿಂತೇ ಇದ್ದಳು. "ಏನು ಪುಣ್ಯ ಮಾಡಿತ್ತೋ" ಅಂದಳು. ಅಷ್ಟರಲ್ಲಿ ಭಾವ ಕೈಗಡಿಯಾರ ತೋರಿಸಿ, ಪಲ್ಯಕ್ಕೆ ಹೆಚ್ಚಿಟ್ಟ ಎಲೆಕೋಸು ಒಣಗುತ್ತದೆ ಎಂದು ನೆನಪಿಸಿದರು.

ಹೆಲಿಕಾಪ್ಟರಿನಲ್ಲಿ ನಾ ಪಾಲಿ ಕರಾವಳಿ ನೋಡಬೇಕು ಎಂದು ಮಗನ ಹಟ. ಸಮುದ್ರಕ್ಕೆ ಬಿದ್ದುಬಿಡುವಂತೆ ನಿಂತ ಹಸಿರು ಗೋಡೆಗಳು, ರಸ್ತೆಯೇ ಇಲ್ಲದ ಕಣಿವೆಗಳು. ತಲೆಗೆ ಇಷ್ಟು ಎಂದು ಕೇಳಿ ಭಾವ ತಲೆಗಳನ್ನು ಎಣಿಸಿದರು. ಮರುದಿನ ವೈಮೆಯಾ ಕಂದರದ ದಾರಿ ಹಿಡಿದು, ಕೋಕೆ ಕಾಡು ದಾಟಿ, ಸುಮಾರು 4,000 ಅಡಿ ಎತ್ತರದ ಕಲಲಾವ್ ನೋಟದ ತಾಣಕ್ಕೆ ಕರೆದೊಯ್ದರು. "ಮೇಲಿಂದ ತಾನೇ ನೋಡ್ಬೇಕು? ಇದೂ ಮೇಲೇ." ಅಲ್ಲಿ ಮೋಡ ತುಂಬಿತ್ತು. ಹತ್ತಿರದಲ್ಲೇ ಇರುವ ವೈಅಲೆಅಲೆ ಬೆಟ್ಟ ಭೂಮಿಯಲ್ಲಿ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲೊಂದು; ನಮಗೆ ಕಂಡದ್ದು ಬಿಳಿ ಗೋಡೆ. ಅಜ್ಜಿಗೆ ಮಾತ್ರ ಸಂಭ್ರಮ. "ಥೇಟ್ ಆಗುಂಬೆ ಮಾರಾಯ. ಅಲ್ಲೂ ಸೂರ್ಯಾಸ್ತ ನೋಡೂಕೆ ಹೋದವ್ರಿಗೆ ಹಿಂಗೇ ಆಗೂದು." ಮೋಡದ ನಡುವೆ ನಿಂತು ಪುಳಿಯೋಗರೆ ತಿಂದೆವು. ಒಂದು ಹುಂಜ ಪಾಲು ಕೇಳಿತು. ಎಂಟು ನಿಮಿಷ ಮೋಡ ಸರಿದು, ಕೆಳಗೆ ಕಣಿವೆ, ಕಣಿವೆಯ ತುದಿಗೆ ನೀಲಿ ಸಮುದ್ರ ಕಂಡಾಗ ಭಾವ ಡಬ್ಬಿಗಳಿಗೆ ಮುಚ್ಚಳ ಹುಡುಕುತ್ತಿದ್ದರು.

ಕಾಫಿತೋಟಕ್ಕೂ ಹೋದೆವು. ದಕ್ಷಿಣದ ಕಡಲಂಚಿಗೆ ಸುಮಾರು 3,000 ಎಕರೆ, ಅಮೆರಿಕದಲ್ಲೇ ದೊಡ್ಡದು. ಹಿಂದೆ ಕಬ್ಬಿದ್ದ ಬಯಲಿಗೆ 1980ರ ದಶಕದ ಕೊನೆಯಲ್ಲಿ ಕಾಫಿ ಬಂತು. ಉರಿಬಿಸಿಲಲ್ಲಿ ಸಾಲು ಸಾಲು ಗಿಡ, ಬುಡಕ್ಕೆ ಹನಿ ನೀರಾವರಿ, ಹಣ್ಣು ಬಿಡಿಸಲು ಗಿಡಗಳ ಮೇಲೆಯೇ ಹಾದುಹೋಗುವ ಯಂತ್ರ. ಅಜ್ಜಿ ಕಣ್ಣಿಗೆ ಕೈ ಅಡ್ಡ ಹಿಡಿದು ತುಂಬ ಹೊತ್ತು ನೋಡಿದರು. "ನೆರಳಿಗೆ ಒಂದು ಮರ ಬ್ಯಾಡ್ವಾ? ಸಿಲ್ವರ್ರಾದ್ರೂ ನೆಡ್ಬಹುದಿತ್ತು. ಮೆಣಸಿನ ಬಳ್ಳಿ ಎಲ್ಲಿಗೆ ಹಬ್ಬಿಸ್ತಾರೆ ಇವ್ರು?" ಎಂದು ಆ ತೋಟದ ಭವಿಷ್ಯದ ಬಗ್ಗೆ ಆತಂಕಪಟ್ಟರು. ರುಚಿ ನೋಡಲು ಕೊಡುವ ಪುಟ್ಟ ಲೋಟದ ಕಾಫಿಗಳನ್ನು ಭಾವ ಒಂದಾದಮೇಲೊಂದು ನೋಡಿದರು. ರುಚಿ ನೋಡಿದ್ದು ಸಾಕು ಅನಿಸಿದಾಗ ಮಧ್ಯಾಹ್ನದ ಕಾಫಿಯ ಲೆಕ್ಕ ಹಾಳೆಯಲ್ಲಿ ಹಸಿರಾಯಿತು.

ವಾರದಲ್ಲಿ ನಿಜವಾಗಿ ನಡೆದ ದೊಡ್ಡ ಸಂಗತಿ ಎಂದರೆ ಹನಲೇಯದು. ದ್ವೀಪದ ಉತ್ತರಕ್ಕೆ, ಗುಡ್ಡದ ತಿರುವಿನಲ್ಲಿ ನಿಂತು ಕೆಳಗೆ ನೋಡಿದರೆ ಕಣಿವೆಯ ತುಂಬ ನೀರು ನಿಂತ ಗದ್ದೆ. ಅಜ್ಜಿ ಕಾರಿನಿಂದ ಇಳಿದವರೇ "ನಟ್ಟಿ ಆಗಿದೆ" ಅಂದರು. ಆಮೇಲೆ ಕಣ್ಣು ಕಿರಿದು ಮಾಡಿ, "ಭತ್ತ ಅಲ್ದಲಾ. ಕೆಸ! ಗದ್ದೆ ಮಾಡಿ ಕೆಸ ನೆಟ್ಟಿದಾರೆ!" ಎಂದು ನಕ್ಕೇ ನಕ್ಕರು. ಕೊಪ್ಪದಲ್ಲಿ ಬಚ್ಚಲ ನೀರು ಹರಿಯುವ ಕಡೆ ತಾನೇ ಬೆಳೆಯುವ ಕೆಸುವಿಗೆ ಇಲ್ಲಿ ರಾಜಮರ್ಯಾದೆ. ಹವಾಯಿಯವರಿಗೆ ಅದು ಹಿರಿಯಣ್ಣ. ಮೊದಲು ಕೆಸು ಹುಟ್ಟಿತು, ಆಮೇಲೆ ಮನುಷ್ಯ ಎಂಬುದು ಅವರ ಪುರಾಣ. ಗೆಡ್ಡೆ ಬೇಯಿಸಿ ಕುಟ್ಟಿ ಪೊಯಿ ಮಾಡುತ್ತಾರೆ, ಎಲೆಯಲ್ಲಿ ಮೀನು ಮಾಂಸ ಸುತ್ತಿ ಹಬೆಯಲ್ಲಿ ಬೇಯಿಸುತ್ತಾರೆ. ನಡುವೆ ಒಂದು ಕಾಲದಲ್ಲಿ ಚೀನಾದಿಂದ ಬಂದವರು ಇದೇ ಗದ್ದೆಗಳಲ್ಲಿ ಭತ್ತವನ್ನೂ ಬೆಳೆದರು ಎಂದು ನಾನು ಹೇಳಿದೆ. ಅಜ್ಜಿ ಕೇಳಿಸಿಕೊಳ್ಳಲಿಲ್ಲ. ಅವರ ಕಣ್ಣು ಎಲೆಯ ಮೇಲಿತ್ತು.

ಸಂತೆಯಲ್ಲಿ ಎಲೆಯ ಕಟ್ಟುಗಳು ಸಿಕ್ಕವು. ಮಾರುತ್ತಿದ್ದಾಕೆ ಅಜ್ಜಿಯದೇ ವಯಸ್ಸಿನವರು, ಕಿವಿಗೊಂದು ಹೂ. ಬಂದವರೆಲ್ಲ ಅವರನ್ನು ಆಂಟಿ ಎಂದೇ ಕರೆಯುತ್ತಿದ್ದರು. ಹವಾಯಿಯಲ್ಲೂ ಹಿರಿಯರನ್ನು ಹಾಗೇ ಕರೆಯುವುದು. ಅಜ್ಜಿ ಎಲೆ ತಿರುಗಿಸಿ ನರ ಮುಟ್ಟಿ ನೋಡಿದರು. ಆಂಟಿ ಗಂಟಲನ್ನು ಪರಪರ ಕೆರೆದುಕೊಳ್ಳುವಂತೆ ಅಭಿನಯಿಸಿ, ಗಡಿಯಾರದ ಮೇಲೆ ಬೆರಳನ್ನು ಎರಡು ಮೂರು ಸುತ್ತು ತಿರುಗಿಸಿದರು. ಚೆನ್ನಾಗಿ ಬೇಯಿಸದಿದ್ದರೆ ತುರಿಸುತ್ತದೆ ಎಂದು. ಅಜ್ಜಿ ತಲೆಯಾಡಿಸಿ, ಹುಣಸೆಹಣ್ಣು ಹಿಂಡುವ ಅಭಿನಯ ಮಾಡಿ, ಮುಖ ಹುಳ್ಳಗೆ ಮಾಡಿ, ತಮ್ಮ ಗಂಟಲು ಸವರಿ ತೋರಿಸಿದರು. ಆಂಟಿ ಹುಬ್ಬೇರಿಸಿದರು. ಅವರಿಗೆ ಗೊತ್ತಿರದ ಉಪಾಯ ಅದು ಎಂದು ಕಾಣುತ್ತದೆ. ಭಾವ ಚೌಕಾಸಿಗೆ ಬಾಯಿ ತೆರೆದರು. ಅಜ್ಜಿ ತಿರುಗಿಯೂ ನೋಡದೆ, "ನೀನು ಸುಮ್ನಿರು" ಅಂದರು. ಆ ವಾರದಲ್ಲಿ ಕಾಂಡೋ ಭಾವ ಸುಮ್ಮನಿದ್ದದ್ದು ಆಗ. ಆಂಟಿ ಒಂದು ಕಟ್ಟು ಹೆಚ್ಚಿಗೆ ಹಾಕಿ ದುಡ್ಡು ಬೇಡ ಅಂದರು.

ಅಂದು ಸಂಜೆ ಅಡುಗೆಮನೆಯ ಆಡಳಿತ ಬದಲಾಯಿತು. ಮಾರ್ಗರೀಟ ಮಾಡಲೆಂದು ಇಟ್ಟಿದ್ದ ಬ್ಲೆಂಡರಿನಲ್ಲಿ ನೆನೆಸಿದ ಅಕ್ಕಿ, ಕಾಯಿತುರಿ, ಮೆಣಸಿನಕಾಯಿ, ಕೊತ್ತಂಬರಿ, ಹುಣಸೆ, ಬೆಲ್ಲ ರುಬ್ಬಿದರು. ಮೋಟರು ಬಿಸಿಯಾಗಿ ಎರಡು ಸಲ ನಿಂತಿತು. ಅಜ್ಜಿ ಅದರ ತಲೆ ಸವರಿ ಪುಸಲಾಯಿಸಿದರು. ಏಡಿ ಬೇಯಿಸುವ ದೊಡ್ಡ ಪಾತ್ರೆಯಲ್ಲಿ ಪತ್ರೊಡೆ ಹಬೆಗೆ ಕೂತಿತು. ಮರಗೆಸದ ರುಚಿ ಬರಲಿಲ್ಲ, ಆದರೂ ಅಡ್ಡಿಲ್ಲ ಎಂಬುದು ಅಜ್ಜಿಯ ವಿಮರ್ಶೆ. ಪಕ್ಕದ ಲಾನೈಯ ವೃದ್ಧ ದಂಪತಿಗೂ ಒಂದು ತಟ್ಟೆ ಹೋಯಿತು. ಅವರು ಎಲೆ ಬಿಡಿಸಿ ಒಳಗಿನದನ್ನು ಮಾತ್ರ ತಿನ್ನಲು ಹೊರಟಾಗ ಅಜ್ಜಿ ಕಟಕಟೆಯ ಮೇಲಿಂದ ಬಗ್ಗಿ ಕನ್ನಡದಲ್ಲೇ ಗದರಿ ಸರಿಪಡಿಸಿದರು. ಭಾವ ಎಕ್ಸೆಲ್ ತೆರೆದು, ಪತ್ರೊಡೆಗೆ ಹೊರಗೆ ಎಷ್ಟಾಗುತ್ತಿತ್ತು ಎಂದು ಹಾಕಲು ಹೊಳೆಯದೆ, ಮುಚ್ಚಿದರು.

ಮರುದಿನ ವೈಲುವಾ ನದಿಯ ಪಕ್ಕದ ಶೈವ ಮಠದ ಇರೈವನ್ ದೇವಸ್ಥಾನ. ಬಿಳಿ ಗ್ರಾನೈಟಿನ ಗುಡಿ. ಕಲ್ಲುಗಳನ್ನು ಬೆಂಗಳೂರಿನ ಹೊರಗಿನ ಒಂದು ಹಳ್ಳಿಯಲ್ಲಿ ದಶಕಗಳ ಕಾಲ ಶಿಲ್ಪಿಗಳು ಉಳಿ ಸುತ್ತಿಗೆಯಲ್ಲೇ ಕೆತ್ತಿ, ಹಡಗಿನಲ್ಲಿ ತಂದು ಇಲ್ಲಿ ಜೋಡಿಸಿದ್ದು, 2023ರಲ್ಲಿ ಪ್ರತಿಷ್ಠೆಯಾಯಿತು. ಭಾವ ಕಂಬವನ್ನು ನೋಡುತ್ತ ನಿಂತರು. ಭಕ್ತಿ ಬಂತೇನೋ ಎಂದುಕೊಂಡೆ. ಅವರು ನನ್ನ ಕಡೆ ತಿರುಗಿದರು. "ಗುಡೀನೇ ಅಲ್ಲಿಂದ ತಂದಿದಾರೆ. ನಾನೊಂದು ಕುಕ್ಕರ್ ತಂದಿದ್ದಕ್ಕೆ ನಗ್ತೀರಲ್ಲ."

ಇದಕ್ಕೆ ನನ್ನಲ್ಲಿ ಇಂದಿಗೂ ಉತ್ತರವಿಲ್ಲ.

ಆ ಮಧ್ಯಾಹ್ನ ಅಕ್ಕ ಲಾನೈಯ ಕುರ್ಚಿಯಲ್ಲಿ ನಿದ್ದೆ ಹೋದಳು. ಮಗಳು ಒಳಗಿಂದ ಟವೆಲ್ ಒಣಗಿಸುವ ಹಗ್ಗ ಬಿಚ್ಚಿ ತಂದು, ನಾಲ್ಕು ಕುರ್ಚಿ ಇಟ್ಟು, ಸುತ್ತ ಕಟ್ಟಿದಳು. ಮಗ ಸೀರಿಯಲ್ ಡಬ್ಬದ ರಟ್ಟು ಕತ್ತರಿಸಿ ಬೋರ್ಡು ಬರೆದು ನೇತುಹಾಕಿದ. ಭಾವ ಬಂದು, "ಸಾರಿಗೆ ಬೇಳೆ ನೆನೆಹಾಕಿದೀಯಾ?" ಎಂದು ಬಾಯಿ ತೆರೆಯುವಷ್ಟರಲ್ಲಿ ಕಾವಲಿಗೆ ಕೂತಿದ್ದ ಮಗಳು ತುಟಿಯ ಮೇಲೆ ಬೆರಳಿಟ್ಟು, ಐವತ್ತು ಅಡಿ ಹಿಂದೆ ಹೋಗಿ ಅಂದಳು. ಲಾನೈ ಇದ್ದದ್ದೇ ಹತ್ತು ಅಡಿ. ಭಾವ ಪಾರ್ಕಿಂಗಿಗೆ ಹೋಗಿ ನಿಂತರು.

ರಾತ್ರಿ ಸಾರಿಗೆ ಒಗ್ಗರಣೆ ಬಿತ್ತು. ಅಲಾರ್ಮ್ ಮತ್ತೆ ಹೊಡೆದುಕೊಂಡಿತು. ಮತ್ತೆ ಬಾಗಿಲು ತೆರೆದಿಟ್ಟು, ಮತ್ತೆ ರಸ್ತೆಗೆ ಬಂದು, ಮತ್ತೆ ಅದೇ ಟ್ರಕ್ಕಿನ ಮುಂದೆ ನಿಂತೆವು. ಹೊರಡುವಾಗ ನಾನೊಬ್ಬನೇ ಗಮನಿಸಿದ್ದು, ಒಲೆಯ ಮೇಲಿನ ಎಕ್ಸಾಸ್ಟ್ ಫ್ಯಾನ್ ಹಾಕಿರಲಿಲ್ಲ. ಅಕ್ಕನ ಮುಖ ನೋಡಿದೆ. ಅವಳು ಈ ಸಲ ಕೆಂಪು ಬಣ್ಣದ ಶೇವ್ ಐಸ್ ಆರಿಸುತ್ತಿದ್ದಳು.

ಕೊನೆಯ ದಿನದ ಊಟವನ್ನು ಅಡುಗೆ ಅನ್ನಲಾಗದು, ಅದು ಮುಗಿಸುವ ಕಾರ್ಯ. ಉಳಿದ ಆರು ಪೌಂಡ್ ಈರುಳ್ಳಿಯಿಂದ ಈರುಳ್ಳಿ ಹುಳಿ, ಈರುಳ್ಳಿ ಗೊಜ್ಜು, ಈರುಳ್ಳಿ ಉಪ್ಪಿಟ್ಟು. ಭಾವ ಯಾವುದನ್ನೂ ಎಸೆಯಲು ಬಿಡಲಿಲ್ಲ. ಎಸೆದರೆ ನಡುವಿನ ಕಾಲಂ ಉಬ್ಬುತ್ತದೆ. ಹವಾಯಿಯಿಂದ ಹೊರಡುವ ಚೀಲಗಳನ್ನು ಅಮೆರಿಕದ ಕೃಷಿ ಇಲಾಖೆಯವರು ತಪಾಸಣೆ ಮಾಡುತ್ತಾರೆ. ಅನಾನಸು, ತೆಂಗಿನಕಾಯಿ ಒಯ್ಯಬಹುದು, ಮಾವಿನಹಣ್ಣು ಒಯ್ಯುವಂತಿಲ್ಲ. ಸಂತೆಯ ಮಾವಿನಹಣ್ಣುಗಳನ್ನು ಬೆಳಿಗ್ಗೆ ಆರು ಗಂಟೆಗೆ ಸಿಂಕಿನ ಸುತ್ತ ನಿಂತು, ಮೊಣಕೈವರೆಗೆ ರಸ ಸುರಿಸಿಕೊಂಡು, ತಿಂದು ಮುಗಿಸಿದೆವು.

ಆಮೇಲೆ ಅಕ್ಕ ಪೊರಕೆ ಹಿಡಿದಳು. ಶುಚಿ ಮಾಡಲು ಬೇರೆ ಶುಲ್ಕ ಕಟ್ಟಿದ್ದೇವೆ, ಮಾಡುವವರು ಬರುತ್ತಾರೆ ಎಂದು ಭಾವ ರಸೀದಿ ತೋರಿಸಿದರು. "ಅವರು ಬಂದು ನೋಡಿ ಏನಂದ್ಕೋತಾರೆ?" ಎಂದು ಅಕ್ಕ ಒಲೆ ಉಜ್ಜಿದಳು, ನೆಲ ಒರೆಸಿದಳು, ಬ್ಲೆಂಡರಿನ ಅಡಿಯಿಂದ ಕಾಯಿತುರಿ ಬಿಡಿಸಿದಳು. ಭಾವ ಒಗ್ಗರಣೆ ಡಬ್ಬಿಯಲ್ಲಿ ಉಳಿದ ಸಾಸಿವೆಯನ್ನು ಒಂದು ಶೀಷೆಗೆ ಸುರಿದು, ಇಂಗ್ಲಿಷಿನಲ್ಲಿ ಹೆಸರು ಬರೆದು, ಪ್ಯಾನ್‌ಕೇಕಿನ ಪಾಕದ ಪಕ್ಕ ಮುಂದಿನವರಿಗೆಂದು ಇಟ್ಟರು. ದಾನದ ವಿಷಯದಲ್ಲಿ ಅವರನ್ನು ಜಿಪುಣ ಎನ್ನಲಾಗದು.

ಮೇಜಿನ ಮೇಲೆ ಬಂದುಹೋದವರು ಬರೆಯುವ ಪುಸ್ತಕವಿತ್ತು. ಕೆನಡಾದವರು ಕಾಮನಬಿಲ್ಲಿನ ಬಗ್ಗೆ ಬರೆದಿದ್ದರು. ಮಿನೆಸೋಟದ ಹೊಸ ದಂಪತಿ ಆಮೆಯ ಚಿತ್ರ ಬಿಡಿಸಿದ್ದರು. ಭಾವ ಒಂದು ಪುಟ ಪೂರ್ತಿ ಇಂಗ್ಲಿಷಿನಲ್ಲಿ ಬರೆದರು. ಎಡಗಡೆ ಹಿಂದಿನ ಬರ್ನರ್ ನಿಧಾನ, ಫ್ರಿಜ್ಜಿನ ಕೆಳಗಿನ ಅರೆಯಲ್ಲಿ ಮೊಸರು ಗಟ್ಟಿಯಾಗುತ್ತದೆ, ಚಾಕು ಮೊಂಡು, ದೊಡ್ಡ ಪಾತ್ರೆಗೆ ಸರಿಯಾದ ಮುಚ್ಚಳವಿಲ್ಲ, ಕಿಟಕಿಯಿಂದ ಸಮುದ್ರ ಕಾಣುತ್ತದೆ.

ಭಾವ ಸೂಟ್‌ಕೇಸುಗಳನ್ನು ಕಾರಿಗೆ ಹಾಕಲು ಇಳಿದಾಗ ಅಕ್ಕ ಪೆನ್ನು ಎತ್ತಿಕೊಂಡು, ಪುಟದ ಬುಡದಲ್ಲಿ ಉಳಿದಿದ್ದ ಜಾಗದಲ್ಲಿ ಕನ್ನಡದಲ್ಲಿ ಬರೆದಳು:

"ಇದನ್ನು ಓದಲು ಬರುವ ಹೆಂಗಸರ ಗಮನಕ್ಕೆ. ಒಗ್ಗರಣೆ ಹಾಕುವಾಗ ಫ್ಯಾನ್ ಹಾಕಬೇಡಿ. ಟ್ರಕ್ ರಾತ್ರಿ ಎಂಟರವರೆಗೆ ಇರುತ್ತದೆ."